ಮೂಡಗಾಳಿಯ ದಿನದ ರಜೆ

ನಾನು ಆ ಊರನ್ನು ತಲುಪಿದ ದಿನವೇ ಸಾಬೂನಿನ ಕಾರ್ಖಾನೆಯ ಬಾಗಿಲು ಕಾಯುವ ಮುದುಕ ನನ್ನ ಕೊರಳಿಗೆ ಒಂದು ಮರದ ಬಿಲ್ಲೆ ಹಾಕಿ, "ಇವತ್ತಿಂದ ನೀನು ಸಂಗಯ್ಯ" ಎಂದ. ನನಗೆ ಬೇರೆ ಹೆಸರಿದೆ ಎಂದು ಹೇಳಹೊರಟೆ. ಆತ ಎರಡೂ ಕಿವಿ ಮುಚ್ಚಿಕೊಂಡ. "ಅದನ್ನ ಇಲ್ಲಿ ಹೇಳಬಾರ್ದಪ್ಪ. ಮುದ್ರೆ ಒತ್ತೋ ಪೀಠದಲ್ಲಿ ಕೂರೋನು ಸಂಗಯ್ಯ. ನಿನಗಿಂತ ಮುಂಚೆ ಇದ್ದೋನೂ ಸಂಗಯ್ಯ, ನಿನ್ನ ಆಮೇಲೆ ಬರೋನೂ ಸಂಗಯ್ಯ. ಸಂಜೆ ಹೋಗೋವಾಗ ಬಿಲ್ಲೆ ಈ ಮೊಳೆಗೆ ತಗಲಿಸಿ ಹೋಗು." ಬಾಗಿಲ ಪಕ್ಕದ ಹಲಗೆಯಲ್ಲಿ ಸಾಲಾಗಿ ಮೊಳೆಗಳು, ಮೊಳೆಗೊಂದು ಬಿಲ್ಲೆ, ಬಿಲ್ಲೆಗೊಂದು ಹೆಸರು. ಹತ್ತಾರು ಊರುಗಳ ನೀರು ಕುಡಿದವನಾದ್ದರಿಂದ ಊರಿಗೊಂದು ಪದ್ಧತಿ ಎಂಬುದು ನನಗೆ ಗೊತ್ತಿತ್ತು. ತೆಪ್ಪಗೆ ಒಳಗೆ ಹೋದೆ.

ಅಲ್ಲಿ ಎಲ್ಲ ಹೊಸಿಲುಗಳಲ್ಲಿಯೂ ಹೀಗೆಯೇ. ಹೊಸಿಲು ದಾಟಿದವನು ಒಳಗಿನ ಕೆಲಸದ ಹೆಸರನ್ನು ಧರಿಸಬೇಕು. ಒಂದು ಹೊಸಿಲಿನ ಪರಿಚಯವನ್ನು ಇನ್ನೊಂದು ಹೊಸಿಲಿನೊಳಕ್ಕೆ ತರಬಾರದು. ಕ್ಷೌರದಂಗಡಿಯವನು ತನ್ನ ಸ್ವಂತ ಭಾವಮೈದುನನ ಗಲ್ಲಕ್ಕೆ ನೊರೆ ಹಚ್ಚುತ್ತ, "ತಮ್ಮದು ಯಾವ ಕಡೆ ಸ್ವಾಮಿ?" ಎಂದು ವಿಚಾರಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಭಾವಮೈದುನನೂ ಅಷ್ಟೇ ಗಂಭೀರವಾಗಿ ಮಳೆ ಬೆಳೆಯ ವಿಷಯ ಹೇಳುತ್ತಿದ್ದ. ಇವರು ನಿಜವಾಗಿಯೂ ಮರೆಯುತ್ತಾರೆಯೋ, ಮರೆತಂತೆ ನಟಿಸುತ್ತಾರೆಯೋ ಎಂಬುದು ನನಗೆ ತಿಳಿಯಲಿಲ್ಲ. ಕೇಳೋಣವೆಂದರೆ ಆ ಪ್ರಶ್ನೆಯನ್ನು ಕೇಳಬಹುದಾದ ಹೊಸಿಲೇ ಇರಲಿಲ್ಲ. ಒಂದು ಹೊಸಿಲಿನ ಹೆಸರನ್ನು ಇನ್ನೊಂದರಲ್ಲಿ ಕೂಗಿಸಿಕೊಂಡವರು ಹೊಳೆಯ ಸೇತುವೆಯ ಮೇಲೆ ಹೋಗಿ ಕೂರುತ್ತಾರೆ ಎನ್ನುತ್ತಿದ್ದರು. ಸೇತುವೆಯ ಮೇಲೆ ನಿಜಕ್ಕೂ ಒಬ್ಬ ಹೆಂಗಸು ಕುಳಿತಿರುತ್ತಿದ್ದಳು. ಎರಡೂ ದಡಗಳನ್ನು ಸರದಿಯಂತೆ ನೋಡುತ್ತ, ಯಾವ ಕಡೆ ಏಳಬೇಕೆಂದು ತಿಳಿಯದೆ, ಹಾದುಹೋಗುವವರಿಗೆ ಮಾತ್ರ ಕಾಲು ಮಡಿಸಿಕೊಂಡು ದಾರಿ ಬಿಡುತ್ತಿದ್ದಳು.

ನಾನು ಆ ಊರಿನಲ್ಲಿ ನಿಂತದ್ದು ಸಾಬೂನಿಗಾಗಿ ಅಲ್ಲ. ಊರಾಚೆಯ ಬಯಲಿನಲ್ಲಿ ಒಂದು ವಿಮಾನ ಹಾರಿಸುವ ಶಾಲೆಯಿತ್ತು. ಇಬ್ಬರು ಕೂರುವ ಒಂದೇ ಒಂದು ವಿಮಾನವಿತ್ತು. ಕಾಲ್ನಡಿಗೆಯಲ್ಲಿ, ಲಾರಿಯ ಹಿಂಬದಿಯಲ್ಲಿ, ರೈಲಿನ ಬಾಗಿಲಲ್ಲಿ ನಿಂತು ನಾನು ಸಾಕಷ್ಟು ದೂರ ಹೋಗಿದ್ದವನು. ಆದರೆ ನಡೆದ ದಾರಿಗಳನ್ನೆಲ್ಲ ಯಾರೋ ಮೊದಲೇ ಹಾಕಿಟ್ಟಿದ್ದರು. ದಾರಿಯೇ ಇಲ್ಲದ ಕಡೆ ಒಮ್ಮೆ, ಒಬ್ಬನೇ ಹೋಗಿ ಬರಬೇಕು ಎಂಬ ಹುಚ್ಚು ಯಾವಾಗ ಹಿಡಿಯಿತೋ ಹೇಳಲಾರೆ. ಬಸ್ ನಿಲ್ದಾಣಗಳಲ್ಲಿ ಮಾರುವ ಅಗ್ಗದ ಕಾದಂಬರಿಗಳ ಪೈಲಟ್ಟುಗಳು ಕಪ್ಪು ಕನ್ನಡಕ ಧರಿಸಿ ಸಿಡಿಲಿನ ನಡುವೆ ಹಾರಿಹೋಗುತ್ತಾರೆ. ಅವರಲ್ಲಿ ಒಬ್ಬನಿಗಾದರೂ ಬೆಳಗ್ಗೆ ಹಾರಿ ಇಳಿದು, ಕಾರ್ಖಾನೆಯ ಸೈರನ್ನಿನ ಕೂಗು ಮುಗಿಯುವುದರೊಳಗೆ ಸೈಕಲ್ ತುಳಿದು ಪೀಠ ಸೇರುವ ಪಾಡಿರಲಿಲ್ಲ. ನನ್ನ ಪಾಡು ಅದೇ ಆಗಿತ್ತು. ಸಾಬೂನು ಇಲ್ಲದಿದ್ದರೆ ಪೆಟ್ರೋಲಿಲ್ಲ, ಪೆಟ್ರೋಲಿಲ್ಲದಿದ್ದರೆ ವಿಮಾನವಿಲ್ಲ.

ಶಾಲೆಯ ಹೊಸಿಲಿನಲ್ಲಿ ನನಗೆ ಸಿಕ್ಕ ಬಿಲ್ಲೆ ಬೊಮ್ಮಣ್ಣ. ಕಲಿಸುವವರು ನೀಲಮ್ಮನವರು: ಒಣಗಿದ ದೇಹ, ಗಂಡಸರ ಅಂಗಿ, ಸೆರಗನ್ನು ಸೊಂಟಕ್ಕೆ ಬಿಗಿದು ರೆಕ್ಕೆಯ ಮೇಲೆ ಹತ್ತಿದರೆಂದರೆ ಇಳಿವಯಸ್ಸು ಎಲ್ಲಿ ಹೋಯಿತೋ ಎನ್ನಬೇಕು. ಪ್ರತಿದಿನ ಬೆಳಕು ಹರಿಯುವಾಗ ನನ್ನ ಪಕ್ಕದಲ್ಲಿ ಕುಳಿತು ಬೈಯುತ್ತಿದ್ದರು. ಕಾರ್ಖಾನೆಯಲ್ಲಿ ದಿನವೆಲ್ಲ ಮುದ್ರೆ ಕುಟ್ಟುವ ನನ್ನ ಬಲಗೈ, ಎಂಜಿನ್ನಿನ ವೇಗ ಏರಿಸುವ ಥ್ರಾಟಲ್ ಹಿಡಿಯನ್ನು ನಯವಾಗಿ ತಳ್ಳುವ ಬದಲು ಧಬ್ಬನೆ ಒತ್ತಿಬಿಡುತ್ತಿತ್ತು. "ರೀ ಬೊಮ್ಮಣ್ಣ, ಏನ್ ಕುಟ್ತಾ ಇದ್ದೀರಿ? ಇದೇನು ಸಾಬೂ..." ಎಂದು ಒಂದು ದಿನ ಅವರು ಶುರು ಮಾಡಿ, ಥಟ್ಟನೆ ತುಟಿ ಕಚ್ಚಿ, ಕಿಟಕಿಯ ಕಡೆ ತಿರುಗಿ, "ಇದೇನು ಸಾಮಾನ್ಯ ಯಂತ್ರ ಅಂದ್ಕೊಂಡ್ರಾ?" ಎಂದು ಮುಗಿಸಿದರು. ನನ್ನ ಗೊಂದಲ ಅಂದಿನಿಂದ ಇಮ್ಮಡಿಯಾಯಿತು.

ಅದು ಮುಮ್ಮಡಿಯಾದದ್ದು ಶಾಲೆಗೆ ಇನ್ನೊಬ್ಬ ಶಿಷ್ಯ ಬಂದಾಗ. ಐವತ್ತರ ಆಸುಪಾಸಿನ, ಹುರಿಗಟ್ಟಿದ ಮೀಸೆಯ ಆ ಮನುಷ್ಯ ಕೈಮುಗಿದು, "ಅಣ್ಣಾ, ನಾನು ಕಲ್ಲೇಶಿ ಅಂತ. ಹೊಸಬ. ನೀವು ಹಿರೇರು, ಒಂದಿಷ್ಟು ಹೇಳಿಕೊಡಬೇಕು" ಎಂದ. ನಾನು ಬೆಪ್ಪಾಗಿ ನಿಂತೆ. ಆತ ಸಾಬೂನಿನ ಕಾರ್ಖಾನೆಯ ಮೇಲ್ವಿಚಾರಕರಾದ ವೀರಭದ್ರಯ್ಯನವರು. ಹಿಂದಿನ ಸಂಜೆಯಷ್ಟೇ ಇಡೀ ಕಾರ್ಖಾನೆ ಕೇಳುವಂತೆ, "ಏ ಸಂಗ್ಯಾ, ನಿದ್ದೆ ಮಾಡೋಕೆ ಬರ್ತೀಯೋ, ದುಡಿಯೋಕೆ ಬರ್ತೀಯೋ?" ಎಂದು ನನ್ನ ಮೇಲೆ ಹರಿಹಾಯ್ದಿದ್ದರು. ಈಗ ಅವರ ಅಂಗಿಯಿಂದಲೂ ನನ್ನ ಅಂಗಿಯಂತೆಯೇ ಕಾರ್ಖಾನೆಯ ಬೇವಿನೆಣ್ಣೆಯ ವಾಸನೆ ಬರುತ್ತಿತ್ತು. ನಾವಿಬ್ಬರೂ ಆ ವಾಸನೆಯನ್ನು ಮೂಸಿದೆವು. ಇಬ್ಬರೂ ಹವೆ ಚೆನ್ನಾಗಿದೆ ಎಂದೆವು.

ಹೀಗೆ ಬೆಳಗ್ಗೆ ನಾನು ಅಣ್ಣ, ಹಗಲೆಲ್ಲ ಅವರು ಅಯ್ಯನವರು. ಬೆಳಗ್ಗೆ ಇಳಿಯುವ ವೇಗ ತಪ್ಪಿದ್ದಕ್ಕೆ ನಾನು ಕಲ್ಲೇಶಿಯನ್ನು ತಿದ್ದುತ್ತಿದ್ದೆ. ಆತ, "ತಪ್ಪಾಯ್ತು ಅಣ್ಣ" ಎಂದು ಕೆನ್ನೆ ತಟ್ಟಿಕೊಳ್ಳುತ್ತಿದ್ದ. ಕಾರ್ಖಾನೆಯಲ್ಲಿ ಅದೇ ಕೆನ್ನೆ ಕೆಂಪೇರಿಸಿಕೊಂಡು ವೀರಭದ್ರಯ್ಯನವರು ನನ್ನ ಪೀಠದ ಹಿಂದೆ ನಿಲ್ಲುತ್ತಿದ್ದರು. ಬೆಳಗ್ಗೆ ಬೈದ ಸೇಡನ್ನು ಮಧ್ಯಾಹ್ನ ತೀರಿಸಿಕೊಳ್ಳುತ್ತಾರೆಯೇ ಎಂದು ಅಳೆದು ನೋಡಿದೆ. ಇಲ್ಲ, ನಾನು ಬೆಳಗ್ಗೆ ಹೊಗಳಿದ ದಿನವೂ ಅವರು ಅಷ್ಟೇ ಬೈಯುತ್ತಿದ್ದರು.

ಶಾಲೆಯಲ್ಲಿ ಒಂದು ಕಟ್ಟಳೆಯಿತ್ತು. ಬಯಲಿನ ಬಡಗಣಕ್ಕೆ ಗುಡ್ಡವಿರುವುದರಿಂದ ವರ್ಷವೆಲ್ಲ ಅಡ್ಡಗಾಳಿ. ಹೊಸಬರು ಒಬ್ಬರೇ ಏರಲು ಎದುರಿನಿಂದ ನೇರ ಬೀಸುವ ಮೂಡಗಾಳಿಯೇ ಬೇಕು. ಅದು ವರ್ಷಕ್ಕೊಂದು ದಿನ ಬರುತ್ತದೆ, ಬೆಳಗ್ಗೆ ಏಳುತ್ತದೆ, ಹೊತ್ತು ಮುಳುಗುವಾಗ ಬಿದ್ದುಹೋಗುತ್ತದೆ. ಆ ದಿನ ಒಬ್ಬನೇ ಏರಿ ಒಂದು ಸುತ್ತು ಹಾಕಿ ಇಳಿದವನು ಪೈಲಟ್. ಆ ದಿನ ತಪ್ಪಿಸಿಕೊಂಡವನ ಬಿಲ್ಲೆ ಮಾರನೆಯ ದಿನ ಬೇರೆಯವರ ಕೊರಳಿಗೆ. ಮತ್ತೆಂದೂ ಅವನಿಗೆ ಆ ಹೊಸಿಲಿಲ್ಲ. ಇರುವೆಗಳು ಮೊಟ್ಟೆ ಹೊತ್ತು ಗೋಡೆ ಏರುವುದನ್ನು ಕಂಡು ನೀಲಮ್ಮನವರು, "ಈ ವಾರದೊಳಗೇ ಬರ್ತದೆ. ಇಬ್ರೂ ಸಿದ್ಧವಾಗಿರಿ" ಎಂದರು.

ನಾನು ಅಂದೇ ರಜೆ ಕೇಳಿದೆ. "ಅಯ್ಯನವರೇ, ಈ ವಾರದಲ್ಲಿ ಒಂದು ದಿನ..." ವೀರಭದ್ರಯ್ಯನವರು ಮಾತು ಮುಗಿಸಗೊಡಲಿಲ್ಲ. "ಕೊಪ್ಪರಿಗೆಯಲ್ಲಿ ಎಣ್ಣೆ ಕುದೀತಾ ಇರೋವಾಗ ರಜ ಕೇಳೋಕೆ ಬಾಯಾದ್ರೂ ಹೆಂಗೆ ಬರ್ತದೋ ನಿನಗೆ? ಆಗಾಕಿಲ್ಲ ಅಂದ್ರೆ ಆಗಾಕಿಲ್ಲ, ಹೋಗು."

ಮರುದಿನ ಬೆಳಗ್ಗೆ ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡುಗಳ ಮೇಲೆ ಕುಳಿತು ಚಹಾ ಕುಡಿಯುವಾಗ ಕಲ್ಲೇಶಿ, "ಯಾಕಣ್ಣ, ಮುಖ ಬಾಡೈತೆ?" ಎಂದು ಕೇಳಿದ. ಊರು, ಹೆಸರು ಹೇಳದೆ ಇನ್ನೊಂದು ಹೊಸಿಲಿನ ಕಷ್ಟ ತೋಡಿಕೊಳ್ಳುವುದಕ್ಕೆ ಪದ್ಧತಿಯ ಅಡ್ಡಿಯಿಲ್ಲ. ಹೇಳಿಕೊಂಡೆ. ಆತ ಚಹಾದ ಲೋಟ ಕೆಳಗಿಟ್ಟು, "ಎಂಥ ಕಟುಕನಣ್ಣ ಅವ್ನು! ಅವನ ಮೀಸೆಗೆ ಬೆಂಕಿ ಬೀಳ!" ಎಂದ, ತನ್ನ ಮೀಸೆಯನ್ನು ನೀವುತ್ತಲೇ. ಆಮೇಲೆ ದನಿ ತಗ್ಗಿಸಿ, "ನೋಡಣ್ಣ, ಅಂಥೋರ ಹತ್ರ ನಿಂತ ನಿಲುವಲ್ಲಿ ಕೇಳಬಾರ್ದು. ಮಧ್ಯಾಹ್ನ ಉಂಡು ಎಲೆ ಅಡಿಕೆ ಹಾಕೋ ಹೊತ್ತಿಗೆ ಹೋಗು. ಸುಣ್ಣದ ಡಬ್ಬಿ ನೀನೇ ಮುಂದಕ್ಕೆ ಹಿಡಿ. ಆಗ ಯಾವ ರಾಕ್ಷಸನಾದ್ರೂ ಮೆತ್ತಗಾಗ್ತಾನೆ. ನಾನು ಹೇಳ್ತೀನಲ್ಲ" ಎಂದು ಭರವಸೆ ಕೊಟ್ಟ.

ಅವರನ್ನು ಒಲಿಸುವ ಉಪಾಯವನ್ನು ಅವರ ಬಾಯಿಂದಲೇ ಪಡೆದ ಮೇಲೆ ಇನ್ನೇನು ಬೇಕು? ಅಂದು ಮಧ್ಯಾಹ್ನ ಸುಣ್ಣದ ಡಬ್ಬಿ ಹಿಡಿದು ನಿಂತೆ. ವೀರಭದ್ರಯ್ಯನವರು ಸುಣ್ಣ ತೆಗೆದುಕೊಂಡರು, ಎಲೆಗೆ ಸವರಿದರು, ಬಾಯಿಗಿಟ್ಟರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಲೆ ಅಡಿಕೆ ಹೊತ್ತಿಗೆ ಬಂದು ಹಲ್ಲು ಗಿಂಜು ಅಂತ ಯಾವ ಮುಠ್ಠಾಳ ಹೇಳಿಕೊಟ್ನೋ ನಿನಗೆ?" ಎಂದರು. ನಾನು ಡಬ್ಬಿ ಮುಚ್ಚಿದೆ.

ಮರುದಿನ ಬೆಳಗ್ಗೆ ಉಪಾಯ ಫಲಿಸಲಿಲ್ಲವೆಂದು ಕೇಳಿ ಕಲ್ಲೇಶಿ ಬಹಳ ನೊಂದುಕೊಂಡ. ಬಯಲಿನ ಕಡೆ ನೋಡುತ್ತ ತಾನಾಗಿಯೇ ಬಾಯಿಬಿಟ್ಟ. "ನಾನೂ ಏನ್ ಸಾಚಾ ಅಲ್ಲ ಬಿಡಣ್ಣ. ನನ್ನ ಇನ್ನೊಂದು ಕೆಲಸದಾಗೆ ಒಬ್ಬ ಇದಾನೆ. ಒಳ್ಳೇ ಕೈ. ಮೂರು ಹೊತ್ತೂ ಆಕಳಿಸ್ತಾನೆ, ಆದ್ರೂ ಒಳ್ಳೇ ಕೈ. ರಜ ಕೊಡಿ ಅಂತ ಬಂದಿದ್ದ, ಮುಖಕ್ಕೆ ಹೊಡದಂಗೆ ಇಲ್ಲ ಅಂದೆ. ಯಾಕೆ ಗೊತ್ತಾ? ಅವ್ನು ಬರದೇ ಇದ್ರೆ ಅವನ ಜಾಗದಾಗೆ ನಾನೇ ಕೂರಬೇಕು. ಅಲ್ಲಿ ಕಟ್ಟಳೆ ಹಂಗೈತೆ. ಮೂಡಗಾಳಿ ಬರೋ ದಿನ ಅಲ್ಲಿ ಕೂತ್ರೆ ಇಲ್ಲಿ ನನ್ನ ಗತಿ ಏನಣ್ಣ? ಈ ವಯಸ್ಸಿನಾಗೆ ನನಗೆ ಇನ್ನೊಂದು ಗಾಳಿ ಬರ್ತದಾ?" ಅವನ ಕಣ್ಣುಗಳು ತುಂಬಿದ್ದವು. ಅದನ್ನು ನನಗೆಂದೇ ಹೇಳಿದನೋ, ಬೊಮ್ಮಣ್ಣನೆಂಬ ಯಾರೋ ಒಬ್ಬನಿಗೆ ಹೇಳಿದನೋ? ನಾನು ಅವನ ಮುಖವನ್ನು ಓದಲೆತ್ನಿಸಿ ಸೋತೆ. ಆದರೆ ಒಂದಂತೂ ಸ್ಪಷ್ಟವಾಯಿತು: ಪೀಠ ಒಂದು, ಗಾಳಿ ಒಂದು, ನಮ್ಮಿಬ್ಬರಲ್ಲಿ ಒಬ್ಬನಿಗೆ ಮಾತ್ರ ಆಕಾಶ.

ಅದಾದ ಮೂರನೆಯ ಬೆಳಗ್ಗೆ ಕಿಟಕಿಯ ಬಾಗಿಲು ಪಡುವಣಕ್ಕೆ ಬಡಿದುಕೊಂಡಿತು. ನಾನು ಹಾಸಿಗೆಯ ಮೇಲೆ ಎದ್ದು ಕುಳಿತು ಎಣ್ಣೆಯ ಕೊಪ್ಪರಿಗೆಯನ್ನೂ ವೀರಭದ್ರಯ್ಯನವರ ಮೀಸೆಯನ್ನೂ ಒಮ್ಮೆ ನೆನೆದೆ. ಆಮೇಲೆ ಸೈಕಲ್ಲನ್ನು ಬಯಲಿನ ಕಡೆ ತಿರುಗಿಸಿದೆ. ಕಲ್ಲೇಶಿ ನನಗಿಂತ ಮುಂಚೆ ಬಂದು, ಬಿಲ್ಲೆ ಧರಿಸಿ, ಹೊಸ ಪಂಚೆಯನ್ನು ಕಚ್ಚೆ ಹಾಕಿ ಕಟ್ಟಿಕೊಂಡು ನಿಂತಿದ್ದ. ನನ್ನನ್ನು ಕಂಡ ಕೂಡಲೇ ಅವನ ಮುಖದ ಬಣ್ಣ ಇಳಿಯಿತು. "ಬಂದ್ಯಾ ಅಣ್ಣ?" ಎಂದ. "ಬಂದೆ" ಎಂದೆ. "ರಜ ಸಿಕ್ತಾ?" "ಇಲ್ಲ." ಇಬ್ಬರೂ ಗಾಳಿಗೆ ಮುಖವೊಡ್ಡಿ ನಿಂತೆವು.

ಆಗ ಕಾರ್ಖಾನೆಯ ಕೂಗು ಶುರುವಾಯಿತು. ಆ ಕೂಗಿನ ಗುಣವೇ ಹಾಗೆ: ಮುದ್ರೆಯ ಪೀಠದಲ್ಲಿ ಸಂಗಯ್ಯನ ಬಿಲ್ಲೆ ಧರಿಸಿ ಒಬ್ಬರು ಕೂರುವ ತನಕ ನಿಲ್ಲುವುದಿಲ್ಲ. ದಿನವೂ ನಾನು ಓಡಿ ಹೋಗಿ ಕೂರುವಷ್ಟರಲ್ಲಿ ನಿಲ್ಲುತ್ತಿದ್ದ ಅದು ಅಂದು ನಿಲ್ಲಲಿಲ್ಲ. ಊರಿನ ನಾಯಿಗಳೆಲ್ಲ ದನಿಗೂಡಿಸಿದವು. ಕಲ್ಲೇಶಿಯ ಹಣೆಯಲ್ಲಿ ಬೆವರು ಮೂಡಿತು. "ಯಾವ ಕಾರ್ಖಾನೆಯೋ, ಪಾಪ. ಯಾರೋ ಹೋಗಿಲ್ಲ ಅಂತ ಕಾಣ್ತದೆ" ಎಂದ. "ಹೌದು, ಯಾರೋ ಹೋಗಿಲ್ಲ" ಎಂದೆ. "ಎಣ್ಣೆ ಸೀದು ಹೋಗ್ತದೆ ಹಿಂಗಾದ್ರೆ." "ನಿನಗೆ ಹೇಗೆ ಗೊತ್ತು ಎಣ್ಣೆ ಅಂತ?" ಬಾಯಿ ತಪ್ಪಿ ಕೇಳಿಬಿಟ್ಟೆ. ಆತ ನನ್ನನ್ನು ನೋಡಿದ. ಎಷ್ಟೋ ಹೊತ್ತು ನೋಡಿದ. "ಗೊತ್ತಿಲ್ಲಣ್ಣ. ಸುಮ್ನೆ ಅಂದೆ" ಎಂದ.

"ಮೊದಲು ಹಿರಿಯ ಶಿಷ್ಯ" ಎಂದು ನೀಲಮ್ಮನವರು ಕೂಗಿನ ಮೇಲೆ ದನಿಯೆತ್ತಿ ಹೇಳಿ, ತಾವು ಕೂರುವ ಜಾಗದ ಪಟ್ಟಿಯನ್ನು ಬಿಗಿದು ಕಟ್ಟಿ ಇಳಿದರು. "ಒಬ್ಬರೇ ಹೋಗಿ ಬನ್ನಿ ಬೊಮ್ಮಣ್ಣ. ಕುಟ್ಟಬೇಡಿ."

ಬಯಲು ಕೆಳಕ್ಕೆ ಜಾರಿತು. ನೀಲಮ್ಮನವರ ಭಾರವಿಲ್ಲದ ವಿಮಾನ ನಾನೆಣಿಸಿದ್ದಕ್ಕಿಂತ ಬೇಗ ಮೇಲೆದ್ದಿತು, ಎಡಕ್ಕೆ ಹೊರಳಿಸಿದೆ. ಎಷ್ಟೋ ವರ್ಷಗಳಿಂದ ಬಯಸಿದ್ದ ಜಾಗ. ಹಿಗ್ಗಬೇಕಾಗಿತ್ತು, ಆದರೆ ಎಂಜಿನ್ನಿನ ಸದ್ದಿನ ನಡುವೆಯೂ ಆ ಕೂಗು ನನ್ನನ್ನು ಹಿಂಬಾಲಿಸಿತು. ಕೆಳಗೆ ಹೊಳೆ, ಸೇತುವೆ, ದಾರಿ. ದಾರಿಯಲ್ಲಿ ಒಂದು ಸೈಕಲ್ಲು ಊರಿನ ಕಡೆ ಹೋಗುತ್ತಿತ್ತು. ತುಳಿಯುತ್ತಿದ್ದವನ ಹೊಸ ಪಂಚೆ ಬಿಚ್ಚಿಹೋಗಿ ಗಾಳಿಗೆ ಬಿಳಿಯ ಬಾಲದಂತೆ ಹಾರುತ್ತಿತ್ತು. ಸೇತುವೆಯ ಮೇಲೆ ಆತ ನಿಂತ. ಅಲ್ಲಿ ಕುಳಿತಿದ್ದ ಹೆಂಗಸು ಕಾಲು ಮಡಿಸಿಕೊಂಡಿರಬೇಕು, ಮತ್ತೆ ಹೊರಟ. ನಾನು ಗುಡ್ಡದ ಪಕ್ಕದಲ್ಲಿ ಮರಳುವ ಹೊತ್ತಿಗೆ ಕೂಗು ಥಟ್ಟನೆ ನಿಂತಿತು. ಆ ನಿಶ್ಶಬ್ದದಲ್ಲಿ ನಾನು ಹೇಗೆ ಇಳಿದೆನೆಂಬುದು ನೆನಪಿಲ್ಲ. ನೀಲಮ್ಮನವರು ಬೆನ್ನು ತಟ್ಟಿದರು. "ಈಗ ಕಲ್ಲೇಶಿ" ಎಂದು ತಿರುಗಿ ನೋಡಿ, ಮೊಳೆಗೆ ಮರಳಿದ್ದ ಬಿಲ್ಲೆಯನ್ನು ಕಂಡು ನಿಟ್ಟುಸಿರುಬಿಟ್ಟರು. "ಹೊತ್ತು ಮುಳುಗೋ ತನಕ ಕಾಯ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಕಲ್ಲೇಶಿ ಮರಳಿ ಬಂದಾನೆಂದು ಬಯಲಿನಲ್ಲೇ ಕಾದು, ಕೊನೆಗೆ ಕಾರ್ಖಾನೆಯ ಬಾಗಿಲಿಗೆ ನಾನು ಬಂದಾಗ ಹೊತ್ತು ನೆತ್ತಿ ದಾಟಿತ್ತು. ಚಿಮಣಿಯ ಹೊಗೆ ಇನ್ನೂ ಪಡುವಣಕ್ಕೆ ಬಾಗಿತ್ತು. ಮೊಳೆಗಳ ಹಲಗೆಯಲ್ಲಿ ಸಂಗಯ್ಯನ ಬಿಲ್ಲೆ ಇರಲಿಲ್ಲ. "ಸಂಗಯ್ಯ ಆಗ್ಲೇ ಬಂದವ್ನೆ" ಎಂದ ಮುದುಕ. "ಉಳಿದಿರೋದು ಇದೊಂದೇ. ಹಾಕ್ಕೋತೀಯೋ, ಹೊರಗೇ ನಿಲ್ತೀಯೋ?" ಉಳಿದಿದ್ದದ್ದು ವೀರಭದ್ರಯ್ಯನವರದು. ಬೇರೆ ದಾರಿ ಕಾಣದೆ ಧರಿಸಿದೆ.

ಒಳಗೆ ಕಾಲಿಡುತ್ತಲೇ ಸಾಬೂನು ಸುತ್ತುವ ಹೆಂಗಸರು ಸೆರಗು ಸರಿಪಡಿಸಿಕೊಂಡರು, ಎಣ್ಣೆ ಕಲಕುವವರು ಬೀಡಿ ಆರಿಸಿದರು. ನನ್ನ ಪೀಠದ ಮೇಲೆ, ಬೆವರಿಗೆ ಒದ್ದೆಯಾದ ಹೊಸ ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿಕೊಂಡು, ಆತ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತ. ಕಣ್ಣೆತ್ತಲಿಲ್ಲ. "ಅಯ್ಯನವರೇ, ಇವತ್ತು ಒಂದು ಅರ್ಧ ದಿನ ರಜ ಬೇಕಾಗಿತ್ತು."

ಆಗ ನಾನು ಒಂದು ವಿಚಿತ್ರವನ್ನು ಅನುಭವಿಸಿದೆ. ಅವನನ್ನು ಪೀಠದಿಂದ ಬಿಡಿಸುವ ಮನಸ್ಸಿನಿಂದಲೇ ಅಷ್ಟು ದೂರ ಸೈಕಲ್ ತುಳಿದು ಬಂದವನು ನಾನು. ಆದರೆ ಬಾಯಿ ತೆರೆದಾಗ ಹೊರಟದ್ದು ಬೇರೆಯೇ ದನಿ: "ಕೊಪ್ಪರಿಗೆಯಲ್ಲಿ ಎಣ್ಣೆ ಕುದೀತಾ ಇರೋವಾಗ..." ಎದೆಯ ಮೇಲಿನ ಬಿಲ್ಲೆ ಕಾದಂತಿತ್ತು. ಸುರಿಯದೆ ಉಳಿದ ಎಣ್ಣೆ, ಹಾಳಾಗುವ ಅಚ್ಚುಗಳು, ಸುತ್ತ ನಿಂತ ಇಷ್ಟು ಜನರ ಅನ್ನ, ಎಲ್ಲವೂ ನನ್ನ ಮೇಲೆಯೇ ಬಿದ್ದವು. ಇವನಿಗೆ ಇವತ್ತು ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದು ಪ್ರಾಮಾಣಿಕವಾಗಿ ಅನಿಸಿತು. ಈ ಬಡ್ಡಿಮಗನಿಗೆ ಎಂಥ ಸೊಕ್ಕು ಎಂದೂ ಅನಿಸಿತು. ಆತ ತಲೆತಗ್ಗಿಸಿ ನಿಂತೇ ಇದ್ದ. ಅವನ ಬೆರಳ ಸಂದಿಯಲ್ಲಿ ಸಾಬೂನಿನ ಹಸಿರು. ನಾನು ತುಟಿಗಳನ್ನು ಒತ್ತಿಹಿಡಿದು ಆ ವಾಕ್ಯವನ್ನು ಗಂಟಲಿನಲ್ಲೇ ನಿಲ್ಲಿಸಿದೆ. ವಾಂತಿ ತಡೆದಂತೆ ಕಷ್ಟವಾಯಿತು.

"ಹೋಗಿ ಬಾ" ಎಂದೆ.

"ಯಾಕೆ ಅಂತ ಕೇಳಾಕಿಲ್ವಾ ಅಯ್ಯನವರೇ?"

"ಕೇಳೋದಿಲ್ಲ. ಬೇಗ ಹೋಗು. ಹೊತ್ತು ಇಳೀತಾ ಐತೆ."

ಆತ ಸಂಗಯ್ಯನ ಬಿಲ್ಲೆಯನ್ನು ಕೊರಳಿಂದ ತೆಗೆದ. ಮೊಳೆಗೆ ತಗಲಿಸಲು ಹೋದರೆ ಕೂಗು ಮತ್ತೆ ಶುರುವಾಗುತ್ತದೆ. ಒಂದು ಗಳಿಗೆ ಅತ್ತಿತ್ತ ನೋಡಿ, ಆ ಊರಿನಲ್ಲಿ ಯಾರೂ ಮಾಡದಿದ್ದ ಕೆಲಸ ಮಾಡಿದ: ಹೊಸಿಲಿನ ಒಳಗೇ, ಎಲ್ಲರೆದುರಿಗೆ, ಅದನ್ನು ನನ್ನ ಕೊರಳಿಗೆ ಹಾಕಿದ. ಹಾಕುವಾಗ ಮುಖ ಹತ್ತಿರ ಬಂತು. ಏನನ್ನೋ ಹೇಳಲು ತುಟಿ ಅಲುಗಿತು; ಯಾವ ಹೆಸರು ಹಿಡಿದು ಕರೆಯುವುದೆಂದು ತಿಳಿಯದೆ ಹಾಗೆಯೇ ಮುಚ್ಚಿಕೊಂಡಿತು. ಪಂಚೆ ಎತ್ತಿ ಹಿಡಿದು ಓಡಿದ.

ನಾನು ಎರಡು ಬಿಲ್ಲೆಗಳನ್ನು ಹೊತ್ತು ಪೀಠದಲ್ಲಿ ಕುಳಿತು ಮುದ್ರೆ ಒತ್ತತೊಡಗಿದೆ. ಕೂಗು ಏಳಲಿಲ್ಲ. ಜನ ಮಾತ್ರ ಕಂಗಾಲಾದರು. ಎಣ್ಣೆಯವನು ಏನೋ ಕೇಳಲು ಬಂದು, "ಅಯ್ಯ..." ಎಂದು ಶುರು ಮಾಡಿ, "ಸಂಗ..." ಎಂದು ತಡೆದು, ತಲೆ ಕೆರೆದುಕೊಂಡು ಹಿಂದಿರುಗಿದ. ಬಿಸಿಲು ಕೆಂಪಾಗಿ ಗವಾಕ್ಷಿಯಿಂದ ಇಳಿಯಿತು. ಗಾಳಿ ಬಿದ್ದುಹೋಯಿತೇ ಎಂದು ನಾನು ಕತ್ತು ಚಾಚಿ ಹೊಗೆಯನ್ನು ನೋಡುತ್ತಿರುವಾಗಲೇ ಮಾಡಿನ ಮೇಲೆ ಎಂಜಿನ್ನಿನ ಸದ್ದು ಹಾದುಹೋಯಿತು. ಎಲ್ಲರೂ ತಲೆಯೆತ್ತಿದರು. "ಯಾರೋ ಪುಣ್ಯಾತ್ಮ ಹಾರ್ತಾ ಅವ್ನೆ" ಎಂದಳು ಒಬ್ಬ ಹೆಂಗಸು. "ಯಾರಿರಬೋದು?"

"ಗೊತ್ತಿಲ್ಲಮ್ಮ" ಎಂದೆ. ಪದ್ಧತಿಗಾಗಿ ಹೇಳಿದ ಮಾತು. ಆದರೆ ಹೇಳಿದ ಕ್ಷಣದಲ್ಲಿ ಆತನ ಹೆಸರನ್ನು ಹುಡುಕಿದರೆ ನನಗೆ ನಿಜಕ್ಕೂ ಒಂದೂ ಸಿಗಲಿಲ್ಲ. ಸದ್ದು ಎಡಕ್ಕೆ ಹೊರಳಿತು. ಗುಡ್ಡದ ಬದಿ. ಈಗ ಇಳಿಯಲು ತಿರುಗಬೇಕು, ಈಗ ವೇಗ ಇಳಿಸಬೇಕು. ಅಲ್ಲಿಯೇ ಆತ ಯಾವಾಗಲೂ ತಪ್ಪುತ್ತಿದ್ದ. ಪೀಠದ ಕೆಳಗೆ ನನ್ನ ಎಡಗಾಲು, ವಿಮಾನವನ್ನು ಎಡಕ್ಕೆ ತಿರುಗಿಸುವ ಪೆಡಲ್ ಎಂಬಂತೆ, ಬರಿ ನೆಲವನ್ನು ಮೆಲ್ಲಗೆ ಒತ್ತತೊಡಗಿತು. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ. ಸಾಕು, ಬಿಡು. ಎಂಜಿನ್ ತಗ್ಗಿತು, ಗೊಣಗಿತು, ಗುಡ್ಡದ ಮರೆಯಲ್ಲಿ ಕರಗಿತು. ಅಷ್ಟು ದೂರದ ಬಯಲಿನಲ್ಲಿ ಚಕ್ರ ನೆಲ ಮುಟ್ಟುವ ಸದ್ದು ಇಲ್ಲಿಗೆ ಕೇಳಿಸುವುದು ಸಾಧ್ಯವಿರಲಿಲ್ಲ. ಆದರೂ ಕಾಲು ಒತ್ತಿಹಿಡಿದೇ ಕಾದೆ.

ಸಾಬೂನು ಸುತ್ತುತ್ತಿದ್ದ ಹೆಂಗಸು ನನ್ನ ಕೊರಳಿನ ಒಂದು ಬಿಲ್ಲೆಯನ್ನು ನೋಡಿ, ಇನ್ನೊಂದನ್ನು ನೋಡಿ, ಕೊನೆಗೆ ಬೇಸತ್ತು ಕೈಯಲ್ಲಿದ್ದ ಸಾಬೂನನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಯಾರಾದ್ರೂ ಆಗಿರ್ರಿ, ಮುದ್ರೆ ಎಲ್ಲಾ ಎಡಕ್ಕೆ ವಾಲ್ತಾ ಐತೆ ನೋಡ್ಕೊಳ್ರಿ."

"ವಾಲಲಿ ಬಿಡಮ್ಮ" ಎಂದೆ, "ಇಳೀತಾ ಇದಾನೆ."